ಕಾರ್ಲೆಯ ಬಂಡೆಯೂ ಬನವಾಸಿಯ ಶ್ರೇಷ್ಠಿಯೂ

ಪುಣೆಯ ಕೊಂಢವಾದಲ್ಲಿ ನಾವಿರುವ ಭಾಗಕ್ಕೆ ಸಮೀಪದ ವೃತ್ತವೊಂದಕ್ಕೆ ಖಡಿ ಮಷೀನ್ ಚೌಕ ಎಂದು ಹೆಸರು. ಮರಾಠಿಯಲ್ಲಿ ಖಡಿ ಎಂದರೆ ಜಲ್ಲಿಕಲ್ಲು. ಗುಡ್ಡದ ಕರಿಗಲ್ಲನ್ನು ಒಡೆದು ಜಲ್ಲಿ ಮಾಡುವ ಯಂತ್ರದ ನೆನಪನ್ನು ಆ ಹೆಸರು ಉಳಿಸಿಕೊಂಡಿದೆ. ನಮ್ಮ ಮನೆಗಳ ಗೋಡೆ, ಚಾವಣಿ, ಅಂಗಳಗಳೆಲ್ಲ ಅಂಥ ಜಲ್ಲಿಯಿಂದಲೇ ಎದ್ದಂಥವು. ಕೇಂದ್ರ ಸರ್ಕಾರದ ನೌಕರಿಯ ವರ್ಗಾವಣೆಗಳಲ್ಲಿ ಊರಿಂದೂರಿಗೆ ಸಾಗಿ ಇಲ್ಲಿ ನೆಲೆಸಿದ ನಮಗೆ, ಬಾಲ್ಯದಿಂದ ಕಂಡುಬಂದ ಬೆಟ್ಟವೆಂಬುದು ಇಲ್ಲಿ ಒಂದೂ ಇಲ್ಲ. ಆದ್ದರಿಂದಲೇ ಇರಬೇಕು, ಈ ಸೀಮೆಯ ಕಲ್ಲಿನಲ್ಲಿ ಎಲ್ಲಿಯಾದರೂ ಕನ್ನಡನಾಡಿನ ಊರಿನ ಹೆಸರು ಕಂಡರೆ ನಮಗೆ ಅಪಾರವಾದ ಹಿಗ್ಗು.

ಅಂಥದೊಂದು ಹೆಸರು ಲೋನಾವಳದ ಸಮೀಪದ ಕಾರ್ಲೆಯ ಗುಹೆಯಲ್ಲಿದೆ. ಅಲ್ಲಿನ ಮಹಾಚೈತ್ಯದ ಮುಖಮಂಟಪದ ಎಡತುದಿಯ ಬ್ರಾಹ್ಮಿ ಶಾಸನವು, ವೈಜಯಂತಿಯಿಂದ ಬಂದ ಭೂತಪಾಲನೆಂಬ ಶ್ರೇಷ್ಠಿ ಈ ಶೈಲಗೃಹವನ್ನು ಪೂರ್ಣಗೊಳಿಸಿದನೆಂದೂ ಜಂಬೂದ್ವೀಪದಲ್ಲಿಯೇ ಇದು ಉತ್ತಮವಾದುದೆಂದೂ ಸಾರುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ನಮ್ಮ ಬಳಗದ ಭಾನುವಾರದ ಕೂಟವೊಂದರಲ್ಲಿ ಈ ವಿಷಯ ಬಂದಾಗ ಸಭೆಯಲ್ಲಿ ಸಂಚಲನವೇ ಆಯಿತು. ಕಾರ್ಲೆಯನ್ನು ಕಟ್ಟಿಸಿದವನು ಕನ್ನಡಿಗನೆಂಬ ಫಲಕವನ್ನು ಅಲ್ಲಿ ಹಾಕಿಸಬೇಕು, ಸಂಬಂಧಪಟ್ಟವರಿಗೆ ಮನವಿ ಸಲ್ಲಿಸಬೇಕು ಎಂದು ತೀರ್ಮಾನವಾಯಿತು. ಕಚೇರಿಯ ಟಿಪ್ಪಣಿಗಳನ್ನು ಬರೆದು ಕೈ ಪಳಗಿದ ನಮ್ಮ ಪಾಲಿಗೇ ಕರಡು ಬಂತು. ಕಳುಹಿಸುವ ಮುನ್ನ ಎಲ್ಲರೂ ಒಮ್ಮೆ ಹೋಗಿ ಶಾಸನವನ್ನು ಕಣ್ಣಾರೆ ಕಂಡು ಬರುವುದೆಂದು ನಿಶ್ಚಯಿಸಿದೆವು.

ಅದೇ ಕೂಟದಲ್ಲಿ, ಆಸ್ಟ್ರೇಲಿಯಾದಲ್ಲಿರುವ ಮಗಳ ಮನೆಗೆ ಹೋಗಿ ಬಂದಿದ್ದ ದಂಪತಿಗಳು ತಾವು ಉಲುರುವಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸುತ್ತಿದ್ದರು. ಮರುಭೂಮಿಯ ನಡುವೆ ಒಂದೇ ಒಂದು ಕೆಂಪು ಬಂಡೆ. ಅದರ ಬುಡವನ್ನು ಸುತ್ತಿ ಬರಲು ಹತ್ತು ಕಿಲೋಮೀಟರಿಗೂ ಹೆಚ್ಚಿನ ನಡಿಗೆ. ಚಿತ್ರಗಳು ಆ ನಡಿಗೆಯ ಕ್ರಮದಲ್ಲಿಯೇ ಬರುತ್ತಿದ್ದವು. ಆದರೆ ನಡುನಡುವೆ ಬಂಡೆಯ ಒಂದೊಂದು ಮಗ್ಗುಲೇ ಕಾಣೆಯಾಗಿತ್ತು. ಕಾರಣ ಕೇಳಿದರೆ, "ಅಲ್ಲಿ ಚಿತ್ರ ತೆಗೆಯಬೇಡಿ ಎಂದು ಫಲಕ ಹಾಕಿದ್ದರು, ತೆಗೆಯಲಿಲ್ಲ" ಎಂದರು. ಅಷ್ಟು ದೂರ ಹೋಗಿ ಚಿತ್ರ ತೆಗೆಯದೆ ಬಂದದ್ದು ನಮ್ಮಲ್ಲಿ ಕೆಲವರಿಗೆ ನಷ್ಟವೆನಿಸಿತು. ಆ ಖಾಲಿ ಜಾಗಗಳ ಅರ್ಥ ನಮಗೆ ತಿಳಿದದ್ದು ಕಾರ್ಲೆಗೆ ಹೋಗಿ ಬಂದ ಮೇಲೆ. ಆದ್ದರಿಂದ ಉಲುರುವಿನ ಚರಿತ್ರೆಯನ್ನು ಮೊದಲು ಸ್ವಲ್ಪ ಹೇಳಬೇಕು.

ಸುತ್ತಲಿನ ಬಯಲಿನಿಂದ 348 ಮೀಟರ್ ಎತ್ತರಕ್ಕೆ ಏಳುವ ಈ ಮರಳುಗಲ್ಲಿನ ಬಂಡೆ ಅನಂಗು ಎಂಬ ಮೂಲನಿವಾಸಿ ಜನರಿಗೆ ಪವಿತ್ರವಾದುದು. ಅದರ ಒಂದೊಂದು ಬಿರುಕು, ಗವಿ, ನೀರಿನ ಹೊಂಡಕ್ಕೂ ಪೂರ್ವಜರ ಕಥೆಯಿದೆ. ಆ ಕಥೆಗಳೇ ಅವರಿಗೆ ಧರ್ಮ, ನ್ಯಾಯ, ನೆಲದ ನಕ್ಷೆ ಎಲ್ಲವೂ. ಅದನ್ನು ಅವರು ಚುಕುರ್ಪಾ ಎನ್ನುತ್ತಾರೆ. ಅದು ಹಾಡಿನಲ್ಲಿ, ಕುಣಿತದಲ್ಲಿ, ಹಿರಿಯರಿಂದ ಕಿರಿಯರಿಗೆ ದಾಟುವ ಮಾತಿನಲ್ಲಿ ಉಳಿದು ಬಂದಿದೆ. 1873ರಲ್ಲಿ ವಿಲಿಯಂ ಗಾಸ್ ಎಂಬ ಭೂಮಾಪಕ ಇಲ್ಲಿಗೆ ಬಂದ. ದಕ್ಷಿಣ ಆಸ್ಟ್ರೇಲಿಯಾದ ಆಗಿನ ಚೀಫ್ ಸೆಕ್ರೆಟರಿ ಸರ್ ಹೆನ್ರಿ ಏಯರ್ಸ್ ಅವರ ಗೌರವಾರ್ಥ ಬಂಡೆಗೆ ಏಯರ್ಸ್ ರಾಕ್ ಎಂದು ಹೆಸರಿಟ್ಟ. ಸಾವಿರಾರು ವರ್ಷಗಳಿಂದ ಹೆಸರಿದ್ದ ಬಂಡೆಗೆ ಮತ್ತೊಂದು ನಾಮಕರಣವಾದದ್ದು ಹೀಗೆ. ಹೊಸ ಹೆಸರು ಬರವಣಿಗೆಯಲ್ಲಿತ್ತು, ಹಳೆಯದು ನಾಲಗೆಯ ಮೇಲಿತ್ತು. ನಕ್ಷೆಗೆ ಏರಿದ್ದು ಬರೆದ ಹೆಸರು.

1958ರಲ್ಲಿ ಬಂಡೆಯನ್ನು ಮೂಲನಿವಾಸಿಗಳ ಮೀಸಲು ಪ್ರದೇಶದಿಂದ ಬೇರ್ಪಡಿಸಿ ಪ್ರವಾಸಿಗರ ಉದ್ಯಾನವಾಗಿ ಮಾಡಲಾಯಿತು. 1964ರಲ್ಲಿ ಹತ್ತುವವರ ಆಸರೆಗೆಂದು ಬಂಡೆಗೆ ಸರಪಳಿಯನ್ನು ನೆಟ್ಟರು. ಜನ ಹತ್ತುತ್ತಿದ್ದ ಆ ಜಾಡು ಅನಂಗು ಜನರ ಪುರಾಣದ ಮಾಲಾ ಪುರುಷರು ಏರಿದ ಪವಿತ್ರ ದಾರಿಯಾಗಿತ್ತು. ಅವರು ಹತ್ತಬೇಡಿರೆಂದು ಕೇಳಿಕೊಳ್ಳುತ್ತಲೇ ಬಂದರು. ಹತ್ತುವಾಗ ಕನಿಷ್ಠ 37 ಜನ ಪ್ರಾಣ ಕಳೆದುಕೊಂಡರು. ತಮ್ಮ ನೆಲದಲ್ಲಿ ಅತಿಥಿಯೊಬ್ಬ ಸತ್ತರೆ ಆ ದುಃಖದ ಹೊರೆ ಮನೆಯವರಾದ ತಮ್ಮ ಮೇಲೂ ಬೀಳುತ್ತದೆ ಎಂಬುದು ಅನಂಗು ಜನರ ಭಾವನೆ. 1985ರ ಅಕ್ಟೋಬರ್ 26ರಂದು ಸರ್ಕಾರ ಬಂಡೆಯ ಒಡೆತನವನ್ನು ಅವರಿಗೆ ಹಿಂತಿರುಗಿಸಿತು. ಅವರು ಅದನ್ನು 99 ವರ್ಷಗಳ ಗುತ್ತಿಗೆಯ ಮೇಲೆ ರಾಷ್ಟ್ರೀಯ ಉದ್ಯಾನವಾಗಿ ಮತ್ತೆ ಸರ್ಕಾರಕ್ಕೇ ಬಿಟ್ಟುಕೊಟ್ಟು, ಆಡಳಿತ ಮಂಡಳಿಯಲ್ಲಿ ಬಹುಮತ ಪಡೆದರು. 1993ರಲ್ಲಿ ಹಳೆಯ ಹೆಸರು ಹೊಸದರ ಪಕ್ಕಕ್ಕೆ ಬಂದು ಏಯರ್ಸ್ ರಾಕ್ / ಉಲುರು ಎಂದಾಯಿತು. 2002ರಲ್ಲಿ ಕ್ರಮ ತಿರುಗಿ ಉಲುರು ಮುಂದೆ ಬಂತು. 2019ರ ಅಕ್ಟೋಬರ್ 26ರಂದು, ಒಡೆತನ ಮರಳಿದ ದಿನದಿಂದ ಸರಿಯಾಗಿ 34 ವರ್ಷಗಳ ನಂತರ, ಬಂಡೆ ಹತ್ತುವುದು ಶಾಶ್ವತವಾಗಿ ನಿಂತಿತು. ಅದಕ್ಕೆ ಮುಂಚಿನ ದಿನಗಳಲ್ಲಿ, ಮತ್ತೆ ಅವಕಾಶ ಸಿಗದೆಂದು ಹತ್ತಲು ಜನ ಸಾಲುಗಟ್ಟಿ ನಿಂತಿದ್ದರು.

ಇನ್ನು ನಮ್ಮ ಪ್ರಯಾಣ. ಕೊಂಢವಾದಿಂದ ಕಾತ್ರಜ್ ತಲುಪಿ ಹೆದ್ದಾರಿ ಹಿಡಿದರೆ ಅದು ಬೆಂಗಳೂರಿನಿಂದ ಮುಂಬಯಿಗೆ ಹೋಗುವ ರಸ್ತೆ. ಅದರ ದಕ್ಷಿಣದ ತುದಿ ಹಿಡಿದು ಹೋದರೆ ಬೆಳಗಾವಿ, ಧಾರವಾಡ, ಹಾವೇರಿಗಳು ಸಿಗುತ್ತವೆ. ಹಾವೇರಿಯಿಂದ ಬನವಾಸಿ ದೂರವೇನಲ್ಲ. ನಾವು ಉತ್ತರಕ್ಕೆ ತಿರುಗಿದೆವು. ಇಂದ್ರಾಯಣಿಯ ಕಣಿವೆಯಲ್ಲಿ ಎರಡೂ ಬದಿಗೆ ಮೆಟ್ಟಿಲುಮೆಟ್ಟಿಲಾಗಿ ಏಳುವ ಕರಿಗಲ್ಲಿನ ಗುಡ್ಡಗಳು ಕಂಡವು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಪದರ ಪದರವಾಗಿ ಗಟ್ಟಿಯಾದ ಕಲ್ಲಿದು. ಖಡಿ ಮಷೀನಿಗೆ ಸಿಕ್ಕಿ ಜಲ್ಲಿಯಾದದ್ದು ಇದೇ ಕಲ್ಲು, ಉಳಿಗೆ ಸಿಕ್ಕಿ ಚೈತ್ಯವಾದದ್ದೂ ಇದೇ. ಕೊಂಕಣದ ಬಂದರುಗಳಿಂದ ಬೋರ್ ಘಾಟಿಯನ್ನೇರಿ ಬರುತ್ತಿದ್ದ ಸಾರ್ಥಗಳು ಈ ಕಣಿವೆಯ ಮೂಲಕವೇ ದಖ್ಖನಿನ ಒಳನಾಡಿಗೆ ಇಳಿಯುತ್ತಿದ್ದವು. ಕಾರ್ಲೆ, ಅದರ ಎದುರಿನ ಭಾಜೆ, ಸನಿಹದ ಬೇಡ್ಸೆ ಈ ಮೂರೂ ಗುಹೆಗಳು ಇಲ್ಲಿ ಹುಟ್ಟಿದ್ದಕ್ಕೆ ಆ ವ್ಯಾಪಾರಮಾರ್ಗವೇ ಕಾರಣ.

ಗುಡ್ಡದ ಬುಡದ ಹಳ್ಳಿಯ ಹೆಸರು ವೇಹೆರ್‌ಗಾಂವ್. ವಿಹಾರವೆಂಬ ಶಬ್ದದ ಪ್ರತಿಧ್ವನಿ ಆ ಹೆಸರಿನಲ್ಲಿಯೇ ಕೇಳುತ್ತದೆ. ಅಲ್ಲಿಂದ ಸುಮಾರು 350 ಮೆಟ್ಟಿಲು. ಹತ್ತುವವರಲ್ಲಿ ನಮ್ಮಂತೆ ಗುಹೆ ನೋಡಲು ಬಂದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಏಕವೀರಾ ದೇವಿಯ ದರ್ಶನಕ್ಕೆ ಬಂದವರು. ಹಸಿರು ಬಳೆ, ಅರಿಸಿನ ಕುಂಕುಮ, ತೆಂಗಿನಕಾಯಿ, ಉಡಿಯ ಸಾಮಗ್ರಿಗಳ ಬುಟ್ಟಿ ಹಿಡಿದ ಹೆಂಗಸರು, ಹೆಗಲ ಮೇಲೆ ಕೂಸುಗಳನ್ನು ಹೊತ್ತ ಗಂಡಸರು, ನಡುನಡುವೆ ದೇವಿಗೆ ಜಯಕಾರ. ಮೇಲೆ ತಲುಪಿದಾಗ ಚೈತ್ಯದ ಎದುರು ಎಡಕ್ಕೆ ಸಿಂಹಶಿಖರದ ಕಂಬವೂ ಬಲಕ್ಕೆ ದೇವಿಯ ಗುಡಿಯೂ ಕಂಡವು. ನಮ್ಮಲ್ಲೊಬ್ಬರು ಬೇಸರದಿಂದ, ಇಷ್ಟು ಭವ್ಯವಾದ ಮುಖಮಂಟಪದ ಎದುರಿಗೇ ಗುಡಿ ಕಟ್ಟಿ ನೋಟವನ್ನೇ ಕೆಡಿಸಿದ್ದಾರಲ್ಲ ಎಂದರು. ಆಗ ನಾವು ಯಾರೂ ಅದನ್ನು ಅಲ್ಲಗಳೆಯಲಿಲ್ಲ.

ಚೈತ್ಯದ ಒಳಗೆ ಕಾಲಿಟ್ಟ ಕ್ಷಣದಲ್ಲಿ ಮಾತು ತಾನಾಗಿ ನಿಂತಿತು. ಸುಮಾರು 45 ಮೀಟರ್ ಉದ್ದ, 14 ಮೀಟರ್ ಎತ್ತರದ ಮಂದಿರವನ್ನು ಇಡಿಯಾಗಿ ಬಂಡೆಯಿಂದ ಕೊರೆದಿದ್ದಾರೆ. ಎರಡು ಸಾಲುಗಳಲ್ಲಿ ಹದಿನೈದು ಹದಿನೈದು ಕಂಬಗಳು, ಸ್ತೂಪದ ಹಿಂದೆ ಅಲಂಕಾರವಿಲ್ಲದ ಏಳು, ಒಟ್ಟು 37. ಕಂಬಗಳ ತಲೆಯ ಮೇಲೆ ಆನೆಗಳನ್ನೇರಿದ ದಂಪತಿಗಳು. ಕಮಾನು ಚಾವಣಿಗೆ ಜೋಡಿಸಿದ ತೇಗದ ಪಕ್ಕೆಗಳು ಎರಡು ಸಾವಿರ ವರ್ಷಗಳ ಮಳೆಗಾಲವನ್ನು ದಾಟಿ ಇಂದಿಗೂ ಅಲ್ಲಿಯೇ ಇವೆ. ಭಾರತದ ಶೈಲಚೈತ್ಯಗಳಲ್ಲಿ ಇದೇ ಅತ್ಯಂತ ದೊಡ್ಡದು. ಶ್ರೇಷ್ಠಿಯ ಆತ್ಮಪ್ರಶಂಸೆಯಲ್ಲಿ ಅತಿಶಯೋಕ್ತಿಯೇನೂ ಇಲ್ಲವೆಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಆಮೇಲೆ ಶಾಸನದ ಮುಂದೆ ನಿಂತು ಚಿತ್ರ ತೆಗೆಸಿಕೊಂಡೆವು.

ಆದರೆ ಶಾಸನಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ನಮ್ಮ ಕರಡಿನ ಮೊದಲ ವಾಕ್ಯವೇ ಅಲುಗಾಡತೊಡಗಿತು. ಭೂತಪಾಲ ಒಬ್ಬನೇ ಇಲ್ಲಿಲ್ಲ. ಹಲವು ಕಂಬಗಳು ಧೇನುಕಾಕಟವೆಂಬ ಊರಿನ ಯವನರ ದಾನ. ಬಾಗಿಲೊಂದು ಅದೇ ಊರಿನ ಗಂಧದ ವ್ಯಾಪಾರಿ ಸಿಂಹದತ್ತನದು. ಇನ್ನೊಂದನ್ನು ಮಾಡಿದವನು ಸಾಮಿ ಎಂಬ ಬಡಗಿ. ಸಿಂಹಸ್ತಂಭ ಮಹಾರಥಿ ಅಗ್ನಿಮಿತ್ರಣಕನದು. ಕ್ಷಹರಾತ ನಹಪಾನನ ಅಳಿಯ ಉಷವದಾತ ಇಲ್ಲಿನ ಭಿಕ್ಷುಗಳ ನಿರ್ವಾಹಕ್ಕೆ ಕರಜಿಕವೆಂಬ ಗ್ರಾಮವನ್ನು ಕೊಟ್ಟ. ನಹಪಾನನ ವಂಶವನ್ನು ಸೋಲಿಸಿದ ಶಾತವಾಹನರೂ ಆ ದಾನವನ್ನು ಮುಂದುವರಿಸಿದರು. ರಾಜ್ಯಗಳು ಬದಲಾದವು, ದತ್ತಿ ಬದಲಾಗಲಿಲ್ಲ. ಹಲವು ಊರುಗಳ, ಹಲವು ವೃತ್ತಿಗಳ ಜನ ಕೂಡಿ ಮಾಡಿದ ಕೆಲಸವಿದು. ಅದರಲ್ಲಿ ನಮ್ಮ ಬನವಾಸಿಯವನ ಪಾಲು ಬಹು ದೊಡ್ಡದು, ಅಷ್ಟೆ.

ಅವನನ್ನು ಕನ್ನಡಿಗನೆನ್ನಲು ನಮ್ಮಲ್ಲಿರುವ ಆಧಾರವಾದರೂ ಏನು? ಶಾಸನ ಪ್ರಾಕೃತದಲ್ಲಿದೆ. ಅವನ ಕಾಲ ಸುಮಾರು ಕ್ರಿಸ್ತಶಕದ ಮೊದಲ ಶತಮಾನ ಅಥವಾ ಅದರ ಆಸುಪಾಸು. ಬನವಾಸಿಯಲ್ಲಿ ಕದಂಬರ ರಾಜ್ಯ ಸ್ಥಾಪನೆಯಾದದ್ದು ನಾಲ್ಕನೆಯ ಶತಮಾನದಲ್ಲಿ. ತಾಳಗುಂದದ ಸಿಂಹಕಟಾಂಜನ ಶಾಸನವನ್ನು ಸುಮಾರು 370ಕ್ಕೆ, ಹಲ್ಮಿಡಿ ಶಾಸನವನ್ನು ಸುಮಾರು 450ಕ್ಕೆ ಹಾಕುತ್ತಾರೆ. ಕಲ್ಲಿನ ಮೇಲೆ ಕನ್ನಡ ಕಾಣಿಸಿಕೊಳ್ಳುವುದಕ್ಕೆ ಶತಮಾನಗಳ ಮೊದಲೇ ಭೂತಪಾಲ ಬಾಳಿ ಹೋಗಿದ್ದ. ಮನೆಯಲ್ಲಿ ಅವನು ಯಾವ ಮಾತನ್ನಾಡುತ್ತಿದ್ದನೆಂಬುದನ್ನು ಕಲ್ಲು ಹೇಳುವುದಿಲ್ಲ. ಅದು ಹೇಳುವುದು ಇಷ್ಟು: ಬನವಾಸಿಯವನೊಬ್ಬ ಐನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ ನಡೆದು ಪರನಾಡಿಗೆ ಬಂದ, ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ, ಮಾಡುವಾಗ ತನ್ನ ಊರಿನ ಹೆಸರನ್ನು ಮರೆಯಲಿಲ್ಲ. ಹೊರನಾಡಿನಲ್ಲಿರುವ ನಮ್ಮಂಥವರಿಗೆ ಇಷ್ಟೇ ಸಾಕಲ್ಲವೇ?

ನಾವು ಶಾಸನದ ಮುಂದೆ ಈ ಚರ್ಚೆಯಲ್ಲಿ ಮುಳುಗಿದ್ದಾಗ ನಮ್ಮ ತಂಡದ ಅತ್ಯಂತ ಹಿರಿಯ ಸದಸ್ಯೆ, ಧಾರವಾಡದ ಕಡೆಯ ಎಂಬತ್ತು ದಾಟಿದ ಅಜ್ಜಿ, ಜೊತೆಯಲ್ಲಿರಲಿಲ್ಲ. ಹುಡುಕಿದರೆ ದೇವಿಯ ಸಾಲಿನಲ್ಲಿ ನಿಂತಿದ್ದರು. ಎದುರಿದ್ದ ಹೆಂಗಸರೊಡನೆ ತಮ್ಮ ಹರಕುಮುರುಕು ಮರಾಠಿಯಲ್ಲಿ ಮಾತಿಗಿಳಿದಿದ್ದರು. ಅವರು ಮುಂಬಯಿಯ ಕಡಲತೀರದ ಕೋಳಿ ಜನ, ಮೀನು ಹಿಡಿಯುವವರು. ಏಕವೀರೆ ಅವರ ಕುಲದೇವಿ. ಈ ದೇವಿ ಯಾರೆಂದು ಅಜ್ಜಿ ಕೇಳಿದ್ದಾರೆ. ರೇಣುಕೆ, ಪರಶುರಾಮನ ತಾಯಿ ಎಂದು ಅವರು ಹೇಳಿದ್ದಾರೆ. "ಹಂಗಾರ ನಮ್ಮ ಸವದತ್ತಿ ಯಲ್ಲವ್ವನ ಅದಾಳಲ್ಲ" ಎಂದು ಅಜ್ಜಿ ನಮ್ಮತ್ತ ತಿರುಗಿ ಹೇಳಿ, ಆ ಹೆಂಗಸರು ಕೊಟ್ಟ ಅರಿಸಿನವನ್ನು ಹಣೆಗೆ ಹಚ್ಚಿಕೊಂಡರು. ಶಾಸನದಲ್ಲಿ ನಾವು ಹುಡುಕುತ್ತಿದ್ದ ನಂಟನ್ನು ಅವರು ಒಂದು ಅಕ್ಷರದ ನೆರವೂ ಇಲ್ಲದೆ ಹಿಡಿದುಬಿಟ್ಟಿದ್ದರು.

ಕೋಳಿ ಜನರನ್ನು ಮುಂಬಯಿ ದ್ವೀಪಗಳ ಮೂಲನಿವಾಸಿಗಳೆಂದು ಎಲ್ಲರೂ ಒಪ್ಪುತ್ತಾರೆ. ಆ ಮಹಾನಗರದ ಹೆಸರೇ ಅವರ ಮುಂಬಾದೇವಿಯಿಂದ ಬಂದದ್ದು. ಚೈತ್ರದಲ್ಲಿ, ನವರಾತ್ರಿಯಲ್ಲಿ ಅವರು ಘಾಟಿಯನ್ನೇರಿ ಇಲ್ಲಿಗೆ ಬರುತ್ತಾರೆ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಆ ಸಮುದಾಯದವರು. ಅವರಿಗೆ ಕಾರ್ಲೆಗೆ ಹೋಗಿದ್ದೆವೆಂದು ಹೇಳಿದಾಗ ನಕ್ಕು, ನೀವು ಗುಹೆ ನೋಡಲು ಹೋಗುತ್ತೀರಿ, ನಾವು ತಾಯಿಯ ಮನೆಗೆ ಹೋಗುತ್ತೇವೆ ಎಂದರು. ಅವರ ಮನೆಯಲ್ಲಿ ಕಾರ್ಲೆ ಎಂಬ ಹೆಸರನ್ನು ಬಳಸುವುದೇ ಕಡಿಮೆಯಂತೆ. ಆಯಿಯ ಗುಡ್ಡ ಎಂದರೆ ಸಾಕು. ಭಿಕ್ಷುಗಳ ಕಾಲದಲ್ಲಿ ಈ ಸ್ಥಳಕ್ಕೆ ವಲೂರಕ ಎಂಬ ಹೆಸರಿತ್ತೆಂದು ಶಾಸನಗಳಿಂದ ತಿಳಿಯುತ್ತದೆ. ಅದು ಇಂದು ಯಾರ ನಾಲಗೆಯ ಮೇಲೂ ಇಲ್ಲ.

ಹಾಗಾದರೆ ಈ ಬಂಡೆಗೆ ಮೊದಲು ಬಂದವರು ಯಾರು? ಇಂದಿನ ಗುಡಿ ಚೈತ್ಯಕ್ಕಿಂತ ಬಹಳ ಈಚಿನದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಗುಡಿಯ ವಯಸ್ಸು ಬೇರೆ, ಸ್ಥಳದ ಮೇಲಿನ ಭಕ್ತಿಯ ವಯಸ್ಸು ಬೇರೆ. ಪುಣೆಯಲ್ಲಿ ನೆಲೆಸಿದ್ದ ದಾಮೋದರ ಧರ್ಮಾನಂದ ಕೋಸಂಬಿಯವರು ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರು. ಗಣಿತಜ್ಞರಾದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸಕ್ಕೆ ಡೆಕ್ಕನ್ ಕ್ವೀನ್ ರೈಲಿನಲ್ಲಿ ಓಡಾಡುತ್ತಿದ್ದರು. ಆ ರೈಲುದಾರಿ ಈ ಕಣಿವೆಯ ಮೂಲಕವೇ ಹೋಗುತ್ತದೆ. ಬಿಡುವಿನಲ್ಲಿ ಅವರು ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಹಳ್ಳಿಯ ಹೆಂಗಸರನ್ನು, ಕುರಿಗಾರರನ್ನು ಮಾತನಾಡಿಸಿ, ಶಿಲಾಯುಗದ ಸಣ್ಣ ಕಲ್ಲಿನ ಉಪಕರಣಗಳನ್ನು ಆರಿಸಿ ತರುತ್ತಿದ್ದರು. 1962ರಲ್ಲಿ ಬಂದ 'ಮಿಥ್ ಅಂಡ್ ರಿಯಾಲಿಟಿ' ಗ್ರಂಥದಲ್ಲಿ ಅವರು, ಈ ಬೌದ್ಧ ಗುಹೆಗಳು ಪ್ರಾಚೀನ ದಾರಿಗಳ ಕೂಡುಸ್ಥಳಗಳಲ್ಲಿವೆ, ಆ ದಾರಿಗಳ ಬದಿಯಲ್ಲಿ ಅದಕ್ಕೂ ಹಿಂದಿನಿಂದ ತಾಯಿದೇವತೆಗಳ ತಾಣಗಳಿದ್ದವು ಎಂಬ ವಾದವನ್ನು ಮುಂದಿಟ್ಟರು. ಭಿಕ್ಷುಗಳು ಬಂದರು, ಹೋದರು. ವ್ಯಾಪಾರಿಗಳೂ ಹಾಗೆಯೇ. ದೇವಿಯ ಕಡೆಗೆ ಹತ್ತುವ ಹೆಂಗಸರ ಸಾಲು ಮಾತ್ರ ಇಂದಿಗೂ ಇದೆ. ಆ ಸಾಲಿಗೆ ಶಾಸನವಿಲ್ಲ. ಶಾಸನವಿಲ್ಲದ್ದನ್ನು ಚರಿತ್ರೆಯೇ ಅಲ್ಲವೆಂದು ಭಾವಿಸುವುದು ನಮ್ಮಂಥ ಓದಿದವರ ಅಭ್ಯಾಸ. ಗಾಸ್ ಮಾಡಿದ್ದೂ ಅದನ್ನೇ.

ಈ ಅಭ್ಯಾಸಕ್ಕೆ ನಾವು ಪರನಾಡಿನಲ್ಲಿ ಮಾತ್ರ ಒಳಗಾಗುತ್ತೇವೆಂದಲ್ಲ. ತವರಿನಲ್ಲಿಯೇ ಬಿಳಿಗಿರಿರಂಗನ ಬೆಟ್ಟವಿದೆ. ಬಿಳಿಯ ಬಂಡೆಯಿಂದಲೇ ಬೆಟ್ಟಕ್ಕೆ ಆ ಹೆಸರು. ಆ ಬಂಡೆಯ ಅಂಚಿನಲ್ಲಿ ನಿಂತ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬ ಕಥೆಯಿಂದ ಅವನು ಸೋಲಿಗರಿಗೆ ಬಾವ. ಕಾಡಿನೊಳಗಿನ ದೊಡ್ಡ ಸಂಪಿಗೆಯ ಮರ ಅವರ ಪೂಜಾಸ್ಥಾನ. ಕಾಡನ್ನು ಅವರು ಎಲ್ಲೆಗಳಾಗಿ ಗುರುತಿಸಿ ಒಂದೊಂದು ಎಲ್ಲೆಯ ದೇವರು, ಮಾರಮ್ಮ, ಅಬ್ಬಿ, ಹಿರಿಯರ ಕಲ್ಲುಗುಡಿಗಳಿಗೆ ಹೆಸರಿಟ್ಟಿದ್ದಾರೆ. 1974ರಲ್ಲಿ ಅಭಯಾರಣ್ಯವಾದಾಗ ಆ ಹೆಸರುಗಳು ಯಾವ ಸರ್ಕಾರಿ ನಕ್ಷೆಯಲ್ಲಿಯೂ ಇರಲಿಲ್ಲ. ಮುಂದೆ ಸೋಲಿಗರು ಸಂಶೋಧಕರೊಡನೆ ಕಾಡು ಸುತ್ತಿ ತಮ್ಮ ಪವಿತ್ರಸ್ಥಳಗಳ ನಕ್ಷೆಯನ್ನು ಸಿದ್ಧಗೊಳಿಸಿದರು. 2011ರಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯ ಹಕ್ಕುಪತ್ರಗಳೂ ದೊರೆತವು. ನಮ್ಮಲ್ಲಿ ಎಷ್ಟೋ ಮಂದಿ ಬಿಳಿಗಿರಿಗೆ ಹೋಗಿದ್ದೇವೆ, ದೇವಸ್ಥಾನದ ಕಟ್ಟೆಯಿಂದ ಕಣಿವೆಯ ಚಿತ್ರ ತೆಗೆದಿದ್ದೇವೆ. ಕೆಳಗೆ ಕಾಣುವ ಕಾಡಿನ ಒಂದು ಎಲ್ಲೆಯ ಹೆಸರನ್ನೂ ಕೇಳಿ ಬಂದವರಲ್ಲ.

ಉಲುರುವಿನಿಂದ ಬಂದ ದಂಪತಿಗಳ ಚಿತ್ರಗಳಲ್ಲಿದ್ದ ಖಾಲಿ ಜಾಗಗಳು ಇಲ್ಲಿಗೆ ಬಂದು ನಮಗೆ ಅರ್ಥವಾದವು. ನೋಡಲು ಹೋದವರು ಎಲ್ಲವನ್ನೂ ನೋಡಲೇಬೇಕೆಂದಿಲ್ಲ, ಬೇಡವೆಂದಲ್ಲಿ ಕಣ್ಣು ತಗ್ಗಿಸಿದರೆ ಪ್ರಯಾಣವೇನೂ ಕಡಿಮೆಯಾಗುವುದಿಲ್ಲ. ಮನೆಯವರಿಗೆ ಒಂದು ಮಾತು, ಅತಿಥಿಗೆ ಒಂದು ಮಾತು ಎಂಬ ಭೇದ ಎಲ್ಲ ನಾಡಿನಲ್ಲಿಯೂ ಇದೆ. ಭೂತಪಾಲನೂ ಈ ಬಂಡೆಗೆ ಅತಿಥಿಯಾಗಿಯೇ ಬಂದವನು. ಅವನು ಜಂಬೂದ್ವೀಪದಲ್ಲಿಯೇ ಉತ್ತಮವೆಂದದ್ದು ತಾನು ಮಾಡಿಸಿದ ಕೆಲಸವನ್ನು, ಬಂಡೆ ತನ್ನದೆಂದು ಎಲ್ಲಿಯೂ ಬರೆಸಲಿಲ್ಲ.

ಹಿಂತಿರುಗಿದ ಮೇಲಿನ ಕೂಟದಲ್ಲಿ ಕರಡು ಮತ್ತೆ ಚರ್ಚೆಗೆ ಬಂತು. ಕಟ್ಟಿಸಿದವನು ಕನ್ನಡಿಗ ಎಂಬ ಸಾಲನ್ನು ಹೊಡೆದುಹಾಕಿದೆವು. ಸುಲಭವಾಗಿ ಆದ ಕೆಲಸವಲ್ಲ. ಸಿಕ್ಕ ಒಂದು ಹೆಮ್ಮೆಯನ್ನೂ ಕೈಯಾರೆ ಬಿಟ್ಟುಕೊಡಬೇಕೇ ಎಂದು ವಾದಿಸಿದವರಿದ್ದರು, ಅವರ ನೋವು ನಮಗೂ ತಿಳಿಯದ್ದಲ್ಲ. ಈಗಿನ ಕರಡಿನಲ್ಲಿರುವ ಕೋರಿಕೆ ಇಷ್ಟು: ಎಲ್ಲ ದಾನಿಗಳ ಹೆಸರು ಮತ್ತು ಊರುಗಳು, ವೈಜಯಂತಿಯೂ ಸೇರಿದಂತೆ, ಸಂದರ್ಶಕರಿಗೆ ಓದಲು ಸಿಗುವಂತಾಗಲಿ. ಅದರ ಜೊತೆಯಲ್ಲಿ ಈ ಗುಡ್ಡ ಕೋಳಿ ಜನರಿಗೆ ಏನೆಂಬುದನ್ನು ಅವರ ಮಾತಿನಲ್ಲಿಯೇ ಬರೆಯಲಿ. ನೋಟ ಕೆಟ್ಟಿತೆಂದು ಅಂದು ಹೇಳಿದ ಮಿತ್ರರು ಈ ಎರಡನೆಯ ವಾಕ್ಯವನ್ನು ತಾವೇ ಸೂಚಿಸಿದರು.

ಪತ್ರವನ್ನು ಇನ್ನೂ ಕಳುಹಿಸಿಲ್ಲ. ಚೈತ್ರದಲ್ಲಿ ಸಹೋದ್ಯೋಗಿಯ ಕುಟುಂಬದವರು ಪಲ್ಲಕ್ಕಿಗೆ ಹೋಗುವಾಗ ನಮ್ಮನ್ನೂ ಕರೆದಿದ್ದಾರೆ. ಅವರಿಗೊಮ್ಮೆ ಓದಿ ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಂಡು ಕಳುಹಿಸುವುದೆಂದು ನಿಶ್ಚಯವಾಗಿದೆ. ಅಜ್ಜಿ ಈಗಲೇ ಉಡಿಯ ಖಣ ತೆಗೆದಿರಿಸಿದ್ದಾರೆ.